ಹೊಸ ಥಾರ್ ಬಂದಾಗಲೆಲ್ಲ ನಾನು ಹಾಕುವ ಲೆಕ್ಕ

ಮಹೀಂದ್ರಾದ ಜೀಪು ಥಾರ್‌ಗೆ ಹೊಸದೇನಾದರೂ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಅಣ್ಣಾ, ಹೊಸದು ನೋಡಿದ್ರಾ? ನಿಮ್ಮದು ಕೊಟ್ಟು ಇದನ್ನ ತಗೊಳಲ್ವಾ?" ಎಂದು ಒಬ್ಬರು. "ಬುಕ್ ಮಾಡಿಬಿಟ್ಟಿದ್ದೀನಿ, ಕ್ಯಾನ್ಸಲ್ ಮಾಡಿ ಹೊಸದಕ್ಕೆ ಕಾಯ್ಲಾ?" ಎಂದು ಇನ್ನೊಬ್ಬರು. ನಾನು ಮೆಕ್ಯಾನಿಕ್ಕೂ ಅಲ್ಲ, ಗಾಡಿ ಮಾರುವವನೂ ಅಲ್ಲ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ಮಳೆಗಾಲದಲ್ಲಿ ನಮ್ಮ ತೋಟದ ಮೇಲಿನ ಬ್ಲಾಕಿಗೆ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಇಲ್ಲದೆ ಹತ್ತುವ ಮಾತೇ ಇಲ್ಲ. ಅಪ್ಪನ ಕಾಲಕ್ಕೆ ಎಂಎಂ 540 ಜೀಪು ಇತ್ತು. ನನ್ನ ಕೈಗೆ ಬಂದ ಮೇಲೆ 2015ರ ಫೇಸ್‌ಲಿಫ್ಟ್ ಆದ ಹಳೇ ಡೀಸೆಲ್ ಥಾರ್ ಸಿಆರ್‌ಡಿಇ, ಅದನ್ನು ಕೊಟ್ಟು 2021ರಲ್ಲಿ ಈಗಿರುವ, ಮೇಲಿನ ದರ್ಜೆಯ ಡೀಸೆಲ್ ಎಲ್‌ಎಕ್ಸ್ ಮ್ಯಾನ್ಯುಯಲ್. ಆಮೇಲೆ 2023ರಲ್ಲಿ, 2024ರಲ್ಲಿ, 2025ರಲ್ಲಿ ಬದಲಾಯಿಸಬೇಕೇ ಬೇಡವೇ ಎಂದು ಕಾಗದ ಹಿಡಿದು ಕೂತಿದ್ದೇನೆ. ಮೂರು ಸಲವೂ ಬೇಡ ಎಂದೇ ಬಂತು. ಆದರೆ ಅದೇ ಲೆಕ್ಕ ಇನ್ನೊಬ್ಬರ ಕೈಯಲ್ಲಿ ಹೂಂ ಎಂದದ್ದೂ ಉಂಟು. ಹಾಗಾಗಿ ಉತ್ತರಕ್ಕಿಂತ ಲೆಕ್ಕ ಹಾಕುವ ಬಗೆಯನ್ನೇ ಬರೆಯುತ್ತೇನೆ.

ಮೊದಲು ಈ "ಇಸವಿ ಮಾಡೆಲ್" ಎಂಬುದನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಮಾಡೆಲ್ ಇಯರ್ ಎಂಬ ಪದ್ಧತಿ ಇದೆ, ಮುಂದಿನ ಇಸವಿಯ ಗಾಡಿ ಈ ವರ್ಷದ ನಡುವಿನಲ್ಲೇ ಮಳಿಗೆಗೆ ಬಂದು ನಿಲ್ಲುತ್ತದೆ. ಆ ವರ್ಷ ಏನು ಸೇರಿತು, ಏನು ಹೋಯಿತು ಎಂಬುದು ಇಸವಿಗೇ ಅಂಟಿಕೊಂಡಿರುತ್ತದೆ. ನಮ್ಮಲ್ಲಿ ಹಾಗಿಲ್ಲ. ಗಾಡಿ ತಯಾರಾದ ತಿಂಗಳು ಮತ್ತು ವರ್ಷ ಆರ್‌ಸಿಯಲ್ಲಿ ಬರುತ್ತದೆ, ಬದಲಾವಣೆ ಮಾತ್ರ ಕಂಪನಿಗೆ ಬೇಕಾದ ತಿಂಗಳಲ್ಲಿ ಬರುತ್ತದೆ. ಎರಡನೇ ತಲೆಮಾರಿನ ಥಾರ್ ಬಂದದ್ದು 2020ರ ಅಕ್ಟೋಬರ್ 2ಕ್ಕೆ. ಟೂ ವೀಲ್ ಡ್ರೈವ್ ಬಂದದ್ದು 2023ರ ಜನವರಿಯಲ್ಲಿ. ಐದು ಬಾಗಿಲಿನ ರಾಕ್ಸ್ 2024ರ ಆಗಸ್ಟ್‌ನಲ್ಲಿ. ಮೂರು ಬಾಗಿಲಿನದ್ದಕ್ಕೆ ಫೇಸ್‌ಲಿಫ್ಟ್ 2025ರ ಅಕ್ಟೋಬರ್ 3ಕ್ಕೆ. ಅಂದರೆ "2025ರ ಥಾರ್" ಎಂದು ಯಾರಾದರೂ ಹೇಳಿದರೆ ಅದು ಹಳೇ ಮುಖದ್ದೋ ಹೊಸ ಮುಖದ್ದೋ ಗೊತ್ತಾಗುವುದಿಲ್ಲ. ತಿಂಗಳು ಕೇಳಲೇಬೇಕು. ಇವೆಲ್ಲ ಸದ್ದು ಮಾಡಿ ಬಂದವು. ಸದ್ದಿಲ್ಲದೆ ಬಂದು ಹೋಗುವ ಬದಲಾವಣೆಗಳೇ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ನನ್ನ ಹಾಳೆಯಲ್ಲಿ ಒಂದೇ ಗೆರೆ ಇರುತ್ತದೆ. ಗೆರೆಯ ಕೆಳಗೆ ಚಾಸಿಸ್, ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್, ಸಸ್ಪೆನ್ಷನ್, ಬ್ರೇಕು, ಏರ್‌ಬ್ಯಾಗು. ಗೆರೆಯ ಮೇಲೆ ಸ್ಕ್ರೀನು, ಸೀಟಿನ ಬಟ್ಟೆ, ಸ್ವಿಚ್ಚು, ಬಣ್ಣ, ಗ್ರಿಲ್ಲು, ಚಾರ್ಜರು. ಕೆಳಗಿನದ್ದನ್ನು ನಾಳೆ ಹೊರಗಡೆ ಹಾಕಿಸಿಕೊಳ್ಳಲು ಆಗುವುದಿಲ್ಲ, ಆಗುವ ಹಾಗಿದ್ದರೂ ಕಾನೂನು ಬಿಡುವುದಿಲ್ಲ ಅಥವಾ ಕೈಗೆ ಎಟುಕುವುದಿಲ್ಲ. ಮೇಲಿನದ್ದರಲ್ಲಿ ಮುಕ್ಕಾಲು ಪಾಲು ಪೇಟೆಯಲ್ಲಿ ಸಿಗುತ್ತದೆ, ಇಲ್ಲವೇ ಇಲ್ಲದೆಯೂ ನಡೆಯುತ್ತದೆ. ಹೊಸ ಬ್ರೋಷರ್ ಸಿಕ್ಕಿದ ಕೂಡಲೇ ಪ್ರತಿಯೊಂದು ಬದಲಾವಣೆಯನ್ನೂ ಗೆರೆಯ ಮೇಲೋ ಕೆಳಗೋ ಬರೆಯುತ್ತೇನೆ. ಬ್ರೋಷರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದೆಲ್ಲ ಹೆಚ್ಚಾಗಿ ಮೇಲಿನದ್ದೇ.

2020ರ ಬದಲಾವಣೆ ಮಾತ್ರ ಪೂರ್ತಿ ಗೆರೆಯ ಕೆಳಗಿನದ್ದು. ನನ್ನ ಹಳೇ ಸಿಆರ್‌ಡಿಇಯಲ್ಲಿ 2.5 ಲೀಟರ್ ಎಂಜಿನ್, 105 ಅಶ್ವಶಕ್ತಿ, ಹಿಂದೆ ಪಟ್ಟಿ ಸ್ಪ್ರಿಂಗು. ಏರ್‌ಬ್ಯಾಗ್ ಇರಲಿಲ್ಲ, ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ಮಾಡುವ ಎಬಿಎಸ್ ಇರಲಿಲ್ಲ. ಹಳೇ ಥಾರ್‌ಗೆ ಎಬಿಎಸ್ ಬಂದದ್ದು ಅದು ನಿಲ್ಲುವ ಮುಂಚೆ, 2019ರಲ್ಲಿ. ತೋಟದೊಳಗೆ ಅದರ ಕೆಲಸಕ್ಕೆ ನನ್ನ ದೂರಿಲ್ಲ. ಆದರೆ ಖಾಲಿ ಗಾಡಿಯಲ್ಲಿ ಚಾರ್ಮಾಡಿ ಇಳಿಯುವಾಗ ತಿರುವಿನಲ್ಲಿ ಗುಂಡಿ ಸಿಕ್ಕರೆ ಹಿಂಭಾಗ ಪುಟಿದು ಒಂದು ಗೇಣು ಪಕ್ಕಕ್ಕೆ ಹೋಗುತ್ತಿತ್ತು. ಹಿಂದೆ ಕೂತವರು ಪಕ್ಕಕ್ಕೆ ಮುಖ ಮಾಡಿ, ಸರಳು ಹಿಡಿದು ಕೂರಬೇಕು. ಹೊಸದರಲ್ಲಿ ಹಿಂದೆ ಸುರುಳಿ ಸ್ಪ್ರಿಂಗಿನ ಮಲ್ಟಿಲಿಂಕ್, ಎರಡು ಏರ್‌ಬ್ಯಾಗು, ಎಬಿಎಸ್, ಎಲ್‌ಎಕ್ಸ್‌ನಲ್ಲಿ ಗಾಡಿ ಜಾರದಂತೆ ತಾನೇ ಬ್ರೇಕ್ ಹಿಡಿಯುವ ಇಎಸ್‌ಪಿ. ಎಂಜಿನ್ 2.2 ಲೀಟರ್, 130 ಅಶ್ವಶಕ್ತಿ, 300 ಎನ್‌ಎಂ ಟಾರ್ಕು. ನವೆಂಬರ್ ಹೊತ್ತಿಗೆ ಗ್ಲೋಬಲ್ ಎನ್‌ಸಿಎಪಿಯ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ನಾಲ್ಕು ಸ್ಟಾರ್ ಬಂತು. ಕಾಗದದ ಕೆಳಭಾಗ ತುಂಬಿ ಹಿಂದಿನ ಪುಟಕ್ಕೆ ಹೋಯಿತು. ಅಷ್ಟಾದ ಮೇಲೆ ಯೋಚಿಸುವುದೇನೂ ಉಳಿಯಲಿಲ್ಲ, ಯಾವಾಗ ಎಂಬುದನ್ನು ಬಿಟ್ಟು.

ಹೊಸ ತಲೆಮಾರು ಬಂದ ಕೂಡಲೇ ಕೊಳ್ಳಬಾರದು ಎಂಬುದು ಅಪ್ಪನ ಅಭ್ಯಾಸ, ನನಗೂ ಅಂಟಿದೆ. ಮೊದಲ ತಿಂಗಳುಗಳ ಗಾಡಿಗಳು ರಸ್ತೆಗೆ ಬಿದ್ದ ಮೇಲೆಯೇ ಕಾರ್ಖಾನೆಗೆ ಕೆಲವು ವಿಷಯ ಗೊತ್ತಾಗುವುದು. 2020ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 25ರ ನಡುವೆ ತಯಾರಾದ 1,577 ಡೀಸೆಲ್ ಥಾರ್‌ಗಳನ್ನು ಕ್ಯಾಮ್‌ಶಾಫ್ಟ್ ಬದಲಿಸಲು ಕಂಪನಿಯೇ ವಾಪಸ್ ಕರೆದು ಉಚಿತವಾಗಿ ಸರಿಮಾಡಿತು. ಹೀಗೆ ಕರೆದು ಸರಿಮಾಡುವುದು ಒಳ್ಳೆಯದೇ, ಅದನ್ನು ಆಡಿಕೊಳ್ಳಬೇಕಿಲ್ಲ. ಆದರೆ ಕೊಯ್ಲಿನ ನಡುವೆ ಗಾಡಿ ವರ್ಕ್‌ಶಾಪಿನಲ್ಲಿ ಬಿಟ್ಟು ಬರುವ ಪುರುಸೊತ್ತು ನನಗಿಲ್ಲ. ನನ್ನದು ಅದಾದ ಮೇಲಿನ ತಯಾರಿಕೆ. ಕಾದದ್ದಕ್ಕೆ ಬೆಲೆಯೂ ತೆತ್ತೆ ಎನ್ನಿ, ಬಿಡುಗಡೆಯ ಬೆಲೆ ಅಷ್ಟರಲ್ಲಿ ಏರಿತ್ತು.

ಆ ಸಲದ ಹಾಳೆಯಲ್ಲಿ ಹಳೆಯದರ ಪರವಾಗಿಯೂ ಒಂದು ಸಾಲು ಇತ್ತು. ಬಿಎಸ್6 ಎಂಬ ಹೊಸ ಹೊಗೆ ನಿಯಮದ ಡೀಸೆಲ್ ಎಂದರೆ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಇರುತ್ತದೆ, ಮಸಿಯನ್ನು ಹಿಡಿದಿಟ್ಟುಕೊಂಡು ಬಿಸಿ ಏರಿದಾಗ ಸುಡುವ ಫಿಲ್ಟರು. ತೋಟದೊಳಗೇ ಮೊದಲ ಗೇರು ಎರಡನೇ ಗೇರಿನಲ್ಲಿ ತೆವಳುವ ಗಾಡಿಯಲ್ಲಿ ಅದು ಸುಡುವಷ್ಟು ಬಿಸಿಯಾಗುವುದೇ ಇಲ್ಲ. ಹಳೇ ಜೀಪಿಗೆ ಈ ರಗಳೆ ಇರಲಿಲ್ಲ. ನಾನು ಇದಕ್ಕೆ ಮಾಡಿಕೊಂಡ ಉಪಾಯ ಸರಳ: ಹಾಸನಕ್ಕೆ ಹೋಗುವ ಕೆಲಸವನ್ನು ಕಾರಿನಲ್ಲಿ ಮಾಡದೆ ಥಾರ್‌ನಲ್ಲೇ ಮಾಡುವುದು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆಯಾದರೂ ಓಡಿಸುವುದು. ಬರೀ ತೋಟದೊಳಗೆ ಓಡಿಸುವವರು ಡೀಸೆಲ್ ಬುಕ್ ಮಾಡುವ ಮುಂಚೆ ಇದನ್ನು ಯೋಚಿಸಲೇಬೇಕು. ಪೆಟ್ರೋಲ್ ತಗೊಂಡ ಒಬ್ಬ ಬೆಳೆಗಾರರು ಇದೊಂದೇ ಕಾರಣಕ್ಕೆ ಹಾಗೆ ಮಾಡಿದರು, ಇಂಧನದ ಖರ್ಚಿಗೆ ಮನಸ್ಸು ಗಟ್ಟಿ ಮಾಡಿಕೊಂಡು.

ಈಗ ಡಿಫರೆನ್ಷಿಯಲ್ ವಿಷಯ, ಅಂದರೆ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಆ್ಯಕ್ಸಲ್‌ನ ಗುಂಡು. ಥಾರ್ ಮಾಲೀಕರಲ್ಲಿ ಅತಿ ಹೆಚ್ಚು ವಾದ ನಡೆಯುವುದು, ಶೋರೂಂನಲ್ಲಿ ಅತಿ ಕಡಿಮೆ ಮಾತು ಬರುವುದು ಇದರ ಬಗ್ಗೆಯೇ. ನನ್ನ ಗಾಡಿಯಲ್ಲಿ ಎರಡು ಬಗೆಯ ವ್ಯವಸ್ಥೆ ಇದೆ. ಹಿಂದಿನ ಆ್ಯಕ್ಸಲ್‌ನಲ್ಲಿ ಎಂಎಲ್‌ಡಿ, ಅಂದರೆ ತಾನಾಗಿಯೇ ಲಾಕ್ ಆಗುವ ಮೆಕ್ಯಾನಿಕಲ್ ಡಿಫರೆನ್ಷಿಯಲ್. ಜೊತೆಗೆ ಬಿಎಲ್‌ಡಿ, ಅಂದರೆ ತಿರುಗುತ್ತಿರುವ ಚಕ್ರಕ್ಕೆ ಇಎಸ್‌ಪಿ ಮೂಲಕ ಬ್ರೇಕ್ ಹಿಡಿದು ಬಲವನ್ನು ಇನ್ನೊಂದು ಚಕ್ರಕ್ಕೆ ಕಳಿಸುವುದು. ಕಾಗದದ ಮೇಲೆ ಎರಡೂ ಒಂದೇ ಕೆಲಸ ಮಾಡುತ್ತವೆ. ಕೆಸರಿನಲ್ಲಿ ಬೇರೆ ಬೇರೆ.

ನಮ್ಮ ಕಣದ ಹಿಂದೆ ಮೇಲಿನ ಬ್ಲಾಕಿಗೆ ಒಂದು ಏರು ಇದೆ. ಆಷಾಢದಲ್ಲಿ ಅಲ್ಲಿ ಕೆಂಪು ಮಣ್ಣು ಸೋಪಿನ ಹಾಗೆ. ಬುಡದಲ್ಲಿ ಗಾಡಿ ಪೂರ್ತಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ, ಚಿಕ್ಕ ಲಿವರ್ ಅನ್ನು 2ಎಚ್‌ನಿಂದ 4ಎಚ್, ಎನ್ ದಾಟಿಸಿ 4ಎಲ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರಿಗೆ ಎಳೆಯಬೇಕು. ತೋಳಿನಲ್ಲಿ ಬಲ ಹಾಕಲೇಬೇಕು, ಬೆರಳಿನಲ್ಲಿ ಆಗದು. ಮೀಟರ್‌ನಲ್ಲಿ ದೀಪ ಹತ್ತಿದ ಮೇಲೆ ಕ್ಲಚ್ ಬಿಟ್ಟರೆ ಗಾಡಿ ಆಕ್ಸಿಲರೇಟರ್ ಇಲ್ಲದೆಯೇ ಮೇಲಕ್ಕೆ ತೆವಳುತ್ತದೆ. ಅರ್ಧ ಏರಿನಲ್ಲಿ ಎಡಗಡೆ ನೀರು ಕೊರೆದ ಕಾಲುವೆ. ಅಲ್ಲಿ ಹಿಂದಿನ ಎಡಚಕ್ರ ಹಗುರಾಗಿ ಸುಮ್ಮನೆ ತಿರುಗತೊಡಗುತ್ತದೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಎರಡು ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು ನೂರು ಸುತ್ತಿನ ವ್ಯತ್ಯಾಸ ಆಗುವಂತೆ ಮಾಡಿದರೆ ಹಿಂದಿನಿಂದ ಟಕ್ ಎಂಬ ಸದ್ದು ಕೇಳುತ್ತದೆ, ಸೀಟಿನ ಕೆಳಗೆ ಒಂದು ಗುದ್ದು ತಾಗುತ್ತದೆ, ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಮೇಲೆ ಹೋಗುತ್ತದೆ. ಕಾಲು ತೆಗೆದು ಹೆದರಿ ನಿಂತರೆ ಲಾಕ್ ಆಗುವುದೇ ಇಲ್ಲ. ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರಿಗೆ ಇದನ್ನು ಕಲಿಸಲು ಸಾಕಷ್ಟು ಹೊತ್ತು ಹಿಡಿಯಿತು, ಚಕ್ರ ತಿರುಗುವಾಗ ಮತ್ತೆ ಕಾಲು ಒತ್ತಲು ಮನುಷ್ಯನ ಮನಸ್ಸು ಒಪ್ಪುವುದಿಲ್ಲ.

ಬಿಎಲ್‌ಡಿಯಲ್ಲಿ ಆ ಟಕ್ ಇಲ್ಲ. ಬ್ರೇಕು ಹಿಡಿದು ಬಿಟ್ಟು ಮಾಡುವ ಗರಗರ ಸದ್ದು ಇರುತ್ತದೆ, ಮತ್ತೆ ಮತ್ತೆ ಚಕ್ರ ಸ್ವಲ್ಪ ತಿರುಗಿ ಹಿಡಿದುಕೊಳ್ಳುತ್ತದೆ. ಮುಂದಿನ ಚಕ್ರಗಳಿಗೂ ಅದು ಕೆಲಸ ಮಾಡುತ್ತದೆ ಎಂಬುದು ಅದರ ದೊಡ್ಡ ಗುಣ, ಎಂಎಲ್‌ಡಿಗೆ ಅದಿಲ್ಲ. ಹಳ್ಳದ ಕಲ್ಲಿನ ಮೇಲೆ, ಚಿಕ್ಕ ಗುಂಡಿಯಲ್ಲಿ ಬಿಎಲ್‌ಡಿ ಒಂದೇ ಸಾಕು. ಉದ್ದದ ಕೆಸರು ಏರಿನಲ್ಲಿ ಮಾತ್ರ ಬ್ರೇಕಿಗೆ ಬಿಡುವಿಲ್ಲದ ಕೆಲಸ, ಬಿಸಿಯೂ ಏರುತ್ತದೆ, ಓಟವೂ ಮುರಿಯುತ್ತದೆ. ನನಗೆ ಉದ್ದದ ಏರು ಇದೆ, ನನಗೆ ಎಂಎಲ್‌ಡಿ ಬೇಕು. ಚಿಕ್ಕಮಗಳೂರಿನಲ್ಲಿದ್ದು ವರ್ಷಕ್ಕೊಮ್ಮೆ ಗೆಳೆಯರ ಜೊತೆ ಗುಡ್ಡ ಹತ್ತುವವನಿಗೆ ಬೇಕಿಲ್ಲ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಈ ಎಂಎಲ್‌ಡಿ ಯಾವ ಎಂಜಿನ್‌ಗೆ, ಯಾವ ವೇರಿಯಂಟ್‌ಗೆ ಸಿಗುತ್ತದೆ ಎಂಬುದು 2020ರಿಂದ ಈಚೆಗೆ ಬದಲಾಗಿದೆ. ಹೆಸರು ಅದೇ ಎಲ್‌ಎಕ್ಸ್ ಇದ್ದಾಗಲೇ ಒಳಗಿನ ಪಟ್ಟಿ ಬೇರೆಯಾಯಿತು. ವರ್ಷ ವರ್ಷದ ಬದಲಾವಣೆ ಎಂದರೆ ಕೂಡಿಸುವುದೇ ಎಂದು ಜನ ತಿಳಿದುಕೊಂಡಿರುತ್ತಾರೆ, ಕಳೆಯುವುದೂ ಅದರಲ್ಲೇ ಇದೆ. ಇನ್ನೂ ಕಣ್ಣಿಗೆ ಹೊಡೆಯುವ ಉದಾಹರಣೆ ಬೇಕಾದರೆ 2020ರ ಬಿಡುಗಡೆಯನ್ನೇ ನೋಡಿ. ಆಗ 9.80 ಲಕ್ಷ ಎಕ್ಸ್‌ಶೋರೂಂ ಎಂದು ಎಲ್ಲ ಪತ್ರಿಕೆಗಳಲ್ಲಿ ಬಂದ ಬೆಲೆ ಆರು ಸೀಟಿನ, ಹಿಂದೆ ಪಕ್ಕಕ್ಕೆ ಮುಖ ಮಾಡಿದ ಬೆಂಚಿರುವ ಕೆಳಗಿನ ಮಾದರಿಯದ್ದು. ಆಳುಗಳನ್ನು ಕರೆದೊಯ್ಯಲು, ಮೂಟೆ ಹಾಕಲು ನಮ್ಮ ಕಡೆಯವರಿಗೆ ಬೇಕಾಗಿದ್ದುದೇ ಅದು. ಕೆಲವೇ ತಿಂಗಳಲ್ಲಿ ಅದು ಪಟ್ಟಿಯಿಂದ ಹೋಯಿತು. ಮುಂದಕ್ಕೆ ಮುಖ ಮಾಡಿದ ನಾಲ್ಕು ಸೀಟಿನದ್ದೇ ಉಳಿಯಿತು. ಅಪಘಾತದ ದೃಷ್ಟಿಯಿಂದ ಅದು ಸರಿ, ಒಪ್ಪುತ್ತೇನೆ. ತೋಟದ ದೃಷ್ಟಿಯಿಂದ ನಷ್ಟ. ಹಾಗಾಗಿ ನನ್ನ ಹಾಳೆಯ ಅಂಚಿನಲ್ಲಿ ಕಳೆದದ್ದೇನು ಎಂದು ಒಂದು ಸಾಲು ಬೇರೆಯೇ ಇರುತ್ತದೆ. ಅದನ್ನು ತುಂಬಲು ಹೊಸ ಬ್ರೋಷರ್ ಒಂದೇ ಸಾಲದು, ಹೋದದ್ದನ್ನು ಯಾವ ಬ್ರೋಷರೂ ಹೇಳುವುದಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಬೆರಳಿಟ್ಟು ಓದಬೇಕು. ಪ್ರತಿ ಬದಲಾವಣೆಯ ಬ್ರೋಷರನ್ನೂ ಫೋನಿನಲ್ಲಿ ಇಳಿಸಿಟ್ಟುಕೊಂಡಿದ್ದೇನೆ, ಹೊಸದು ಬಂದ ಮೇಲೆ ಹಳೆಯದು ಸಿಗುವುದು ಕಷ್ಟ.

2023ರ ಟೂ ವೀಲ್ ಡ್ರೈವ್ ಬಂದಾಗ ನನ್ನ ಲೆಕ್ಕ ಹತ್ತು ನಿಮಿಷಕ್ಕೆ ಮುಗಿಯಿತು. 9.99 ಲಕ್ಷದಿಂದ ಆರಂಭ, 1.5 ಲೀಟರ್ ಡೀಸೆಲ್, 117 ಅಶ್ವಶಕ್ತಿ, ಅದೇ 300 ಎನ್‌ಎಂ. ನಾಲ್ಕು ಮೀಟರ್ ಒಳಗಿನ ಉದ್ದ, 1500 ಸಿಸಿ ದಾಟದ ಡೀಸೆಲ್, ಹಾಗಾಗಿ ತೆರಿಗೆ ಕಡಿಮೆ ದರ್ಜೆಗೆ ಬೀಳುತ್ತದೆ, ಬೆಲೆ ಇಳಿದದ್ದರ ಗುಟ್ಟು ಅಲ್ಲಿದೆ. ಚಿಕ್ಕ ಲಿವರ್ ಇದ್ದ ಜಾಗದಲ್ಲಿ ಸಾಮಾನಿಡುವ ಒಂದು ಗೂಡು. ಪೇಟೆಯಲ್ಲೇ ಇರುವವರಿಗೆ ಒಳ್ಳೆಯ ಗಾಡಿ, ರೂಪು ಅದೇ, ಎತ್ತರ ಅದೇ. ನನಗೆ ಆ ಗೂಡಿನಿಂದ ಪ್ರಯೋಜನ ಇಲ್ಲ.

ರಾಕ್ಸ್ ಬಂದಾಗ ಹಾಗೆ ಬೇಗ ಮುಗಿಯಲಿಲ್ಲ, ಅದಕ್ಕೆ ನಮ್ಮ ಭಾವನ ಮಗ ಕಾರಣ. ಬೆಂಗಳೂರಿನಲ್ಲಿದ್ದಾನೆ, ಚಿಕ್ಕ ಮಕ್ಕಳು, ರಜೆ ಸಿಕ್ಕಾಗ ತೋಟಕ್ಕೆ ಬರುತ್ತಾನೆ. "ಮಾವ, ನೀವೂ ಕೊಟ್ಟುಬಿಡಿ, ಇಬ್ರೂ ಒಟ್ಟಿಗೆ ಬುಕ್ ಮಾಡೋಣ. ಅಜ್ಜಿಗೂ ಹತ್ತೋಕೆ ಸುಲಭ" ಎಂದ. ಅಜ್ಜಿ ಎಂದರೆ ನನ್ನ ಅಮ್ಮ, ಅವನು ಹೇಳಿದ್ದು ಸುಳ್ಳಲ್ಲ. ಮೂರು ಬಾಗಿಲಿನದ್ದರಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ಸರಿಸಿ, ಮೈ ಮುರಿದು ಒಳಗೆ ಹೋಗಬೇಕು. ಅಮ್ಮನನ್ನು ಮುಂದೆಯೇ ಕೂರಿಸಿಕೊಂಡು ಹೆಂಡತಿ ಹಿಂದೆ ಹೋಗುವುದು ನಮ್ಮ ಮನೆಯ ವ್ಯವಸ್ಥೆ, ಅವಳ ಅಭಿಪ್ರಾಯ ಇಲ್ಲಿ ಬರೆಯುವಂಥದ್ದಲ್ಲ. ರಾಕ್ಸ್‌ನಲ್ಲಿ ಗೆರೆಯ ಕೆಳಗೂ ಸಾಕಷ್ಟು ಇತ್ತು: ಹೊಸ ಹಿಂಬದಿ ಸಸ್ಪೆನ್ಷನ್, ಎಲೆಕ್ಟ್ರಿಕ್ ಸ್ಟೀರಿಂಗು, ಗುಂಡಿ ಒತ್ತಿದರೆ ಲಾಕ್ ಆಗುವ ಹಿಂದಿನ ಡಿಫರೆನ್ಷಿಯಲ್, ಆರು ಏರ್‌ಬ್ಯಾಗು. ಮುಂದೆ ಭಾರತ್ ಎನ್‌ಸಿಎಪಿಯಲ್ಲಿ ಐದು ಸ್ಟಾರ್ ಸಹ ಬಂತು. ಫೋರ್ ವೀಲ್ ಡೀಸೆಲ್‌ನಲ್ಲಿ ಮಾತ್ರ, ನನಗೆ ಅದು ತೊಡಕಲ್ಲ.

ತೊಡಕು ಇದ್ದದ್ದು ಉದ್ದದಲ್ಲಿ. ಮೂರು ಬಾಗಿಲಿನದ್ದರ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2450 ಮಿಲಿಮೀಟರ್, ರಾಕ್ಸ್‌ನದ್ದು 2850. ಏರು ಮುಗಿದು ತಕ್ಷಣ ಇಳಿಯುವ ಕಡೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆಯೇ ಇಲ್ಲವೇ ಎಂಬುದು ಈ ಅಳತೆಯ ಮೇಲೆ ನಿಂತಿದೆ. ಕಂಪನಿ ಕೊಡುವ ಬ್ರೇಕ್‌ಓವರ್ ಕೋನ ನನ್ನದಕ್ಕೆ 27 ಡಿಗ್ರಿ, ರಾಕ್ಸ್‌ಗೆ 24ರ ಆಸುಪಾಸು. ಮೂರು ಡಿಗ್ರಿ ಎಂದರೆ ಎಷ್ಟು ಎಂದು ಕೂತಲ್ಲಿ ಯಾರಿಗೂ ಹೊಳೆಯುವುದಿಲ್ಲ. ಹಾಗಾಗಿ ನಾನೂ ರೈಟರೂ ಎರಡು ಗೂಟ, ಒಂದು ನೈಲಾನ್ ದಾರ, ಟೇಪು ಹಿಡಿದು ಮೇಲಿನ ಬ್ಲಾಕಿನ ಒಡ್ಡಿಗೆ ಹೋದೆವು. ಒಡ್ಡಿನ ಎರಡೂ ಪಕ್ಕ, ಚಕ್ರ ನೆಲ ಮುಟ್ಟುವ ಜಾಗದ ಅಂದಾಜಿನಲ್ಲಿ, 2.45 ಮೀಟರ್ ಅಂತರಕ್ಕೆ ನೆಲಮಟ್ಟದಲ್ಲಿ ದಾರ ಕಟ್ಟಬೇಕು. ಒಡ್ಡಿನ ನೆತ್ತಿ ನಡುವೆ ಅಡ್ಡ ಬರುವುದರಿಂದ ದಾರ ನೇರ ನಿಲ್ಲಲು ನೆತ್ತಿಯಲ್ಲಿ ಕೈಯಗಲದ ಸೀಳು ತೋಡಿದೆವು. ಆಮೇಲೆ ದಾರದಿಂದ ನೆತ್ತಿಯವರೆಗೆ ಅಳೆದರೆ ಗಾಡಿಯ ಹೊಟ್ಟೆಯೊಳಕ್ಕೆ ಮಣ್ಣು ಎಷ್ಟು ಏರುತ್ತದೆ ಎಂಬುದು ಸಿಗುತ್ತದೆ. 17 ಸೆಂಟಿಮೀಟರ್ ಬಂತು. ಗೂಟ ಕಿತ್ತು 2.85ಕ್ಕೆ ಕಟ್ಟಿದರೆ 23. ಥಾರ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಹೊಟ್ಟೆಯವರೆಗಿನ ಎತ್ತರ, 226 ಮಿಲಿಮೀಟರ್. ನನ್ನ ಗಾಡಿಗೆ ಐದು ಸೆಂಟಿಮೀಟರ್ ಉಳಿಯುತ್ತದೆ, ಉದ್ದದ ಗಾಡಿಗೆ ಏನೂ ಉಳಿಯುವುದಿಲ್ಲ, ಮೂಟೆ ಹಾಕಿ ಸ್ಪ್ರಿಂಗ್ ಕುಗ್ಗಿದರಂತೂ ಕೇಳುವುದೇ ಬೇಡ. ಉದ್ದ ಆರನೆಯ ಒಂದು ಪಾಲು ಹೆಚ್ಚಿದರೆ ಉಬ್ಬು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಏರುತ್ತದೆ, ದುಂಡನೆಯ ಒಡ್ಡಿನ ಗಣಿತವೇ ಹಾಗೆ, ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಒಡ್ಡನ್ನು ಜೆಸಿಬಿಯಲ್ಲಿ ಕೆರೆಸಬಹುದಿತ್ತು. ಆದರೆ ಮಳೆನೀರನ್ನು ಪಕ್ಕಕ್ಕೆ ತಿರುಗಿಸಲೆಂದೇ ಅಪ್ಪ ಹಾಕಿಸಿದ ಒಡ್ಡು ಅದು. ಗಾಡಿಗೋಸ್ಕರ ಅದನ್ನು ತೆಗೆದರೆ ಕೆಳಗಿನ ಗಿಡಗಳ ಬುಡದ ಮಣ್ಣು ಹೋಗುತ್ತದೆ.

ಭಾವನ ಮಗ ರಾಕ್ಸ್ ತಗೊಂಡ, ಅವನಿಗೆ ಅದೇ ಸರಿ ಎಂದು ನಾನೇ ಹೇಳಿದೆ. ಅವನ ದಾರಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಡಾಂಬರು, ಕೊನೆಯ ತುಂಡು ಮಣ್ಣು. ತೋಟಕ್ಕೆ ಬಂದರೆ ಗಾಡಿ ಕಣದಲ್ಲಿ ನಿಲ್ಲುತ್ತದೆ, ಒಡ್ಡಿನಾಚೆಗೆ ನನ್ನದರಲ್ಲಿ ಹೋಗುತ್ತೇವೆ.

2025ರ ಅಕ್ಟೋಬರ್‌ನ ಫೇಸ್‌ಲಿಫ್ಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಪೂರ್ತಿ ಗೆರೆಯ ಮೇಲಿನದ್ದು. 10.25 ಇಂಚಿನ ಸ್ಕ್ರೀನು, ರಿವರ್ಸ್ ಕ್ಯಾಮೆರಾ, ಹಿಂದೆ ವೈಪರು, ಹಿಂದಿನವರಿಗೆ ಎಸಿ ಗಾಳಿ, ಹತ್ತಲು ಕಂಬದ ಮೇಲೆ ಹಿಡಿ, ನಡುವೆ ಇದ್ದ ಕಿಟಕಿ ಸ್ವಿಚ್ಚು ಬಾಗಿಲಿಗೆ ಬಂದಿದೆ, ಡೀಸೆಲ್ ಮುಚ್ಚಳ ಒಳಗಿನಿಂದ ತೆರೆಯುತ್ತದೆ. ಎಂಜಿನ್ ಅವೇ. ಇದರಲ್ಲಿ ನನಗೆ ನಿಜವಾಗಿ ಆಸೆ ಆದದ್ದು ಹಿಂದಿನ ವೈಪರಿಗೆ. ನಮ್ಮ ಮಳೆಯಲ್ಲಿ ಹಿಂದಿನ ಗಾಜು ಜೂನ್‌ನಲ್ಲಿ ಮುಚ್ಚಿದರೆ ಸೆಪ್ಟೆಂಬರ್‌ವರೆಗೆ ಕಾಣುವುದಿಲ್ಲ. ಅದೊಂದಕ್ಕೆ ಗಾಡಿ ಬದಲಾಯಿಸಲು ಆಗುತ್ತದೆಯೇ?

ಆ ಹೊತ್ತಿನಲ್ಲಿ ಸ್ಕ್ರೀನಿಗಿಂತ ದೊಡ್ಡ ಸಂಗತಿ ಬೇರೆ ಇತ್ತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಟೂ ವೀಲ್ ಡೀಸೆಲ್ ಥಾರ್ ಶೇಕಡಾ 18ರ ದರ್ಜೆಗೆ ಬಂತು, ಫೋರ್ ವೀಲ್ ಶೇಕಡಾ 40ಕ್ಕೆ, ಸೆಸ್ ಎತ್ತಿಹೋಯಿತು. ಬೆಲೆ ಮೊದಲನೆಯದಕ್ಕೆ 1.35 ಲಕ್ಷದವರೆಗೆ, ಫೋರ್ ವೀಲ್ ಡೀಸೆಲ್‌ಗೆ ಸುಮಾರು ಒಂದು ಲಕ್ಷ ಇಳಿಯಿತು. ಅದಾಗಿ ಎರಡು ವಾರ ತುಂಬುವುದರೊಳಗೆ ಫೇಸ್‌ಲಿಫ್ಟ್. ಆಗಸ್ಟ್‌ನಲ್ಲಿ ಗಾಡಿ ಮನೆಗೆ ತಂದವರಿಗೂ ಅಕ್ಟೋಬರ್‌ನಲ್ಲಿ ತಂದವರಿಗೂ ನಡುವಿನ ಅಂತರವನ್ನು ಯಾವ ಬ್ರೋಷರೂ ಕೊಡಲಾರದು. ಆ ದಿನಗಳಲ್ಲಿ ಫೋನು ಮಾಡಿದವರಿಗೆ ನಾನು ಹೇಳಿದ್ದು, ಹಳೇ ಮುಖದ ಗಾಡಿ ಸ್ಟಾಕ್ ಉಳಿದಿದ್ದರೆ ಹೊಸ ತೆರಿಗೆಯ ಬೆಲೆಗೆ, ಮೇಲೊಂದು ಡಿಸ್ಕೌಂಟ್ ಕೇಳಿ ತಗೊಳ್ಳಿ ಎಂದು. ಗೆರೆಯ ಕೆಳಗೆ ವ್ಯತ್ಯಾಸ ಇಲ್ಲದಿದ್ದಾಗ ಹಳೇ ಮುಖಕ್ಕೆ ಬೆಲೆ ಇಳಿಯುವುದು ಕೊಳ್ಳುವವನಿಗೆ ಲಾಭ.

ಈಗಾಗಲೇ ಗಾಡಿ ಇರುವವರಿಗೆ ಈ ದುಡ್ಡಿನ ಲೆಕ್ಕವೇ ಬೇರೆ, ಮಾರುವ ಬೆಲೆ ಮತ್ತು ಕೊಳ್ಳುವ ಬೆಲೆಯ ವ್ಯತ್ಯಾಸವಷ್ಟೇ ಅಲ್ಲ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡಾ 17, ಅದರ ಮೇಲೆ ಸೆಸ್. ಹದಿನಾರು ಲಕ್ಷದ ಗಾಡಿಗೆ ಸೆಸ್ ಬಿಟ್ಟೇ ಎರಡು ಮುಕ್ಕಾಲು ಲಕ್ಷದ ಹತ್ತಿರ. ಜೀವಿತಾವಧಿ ಎಂದು ಕಟ್ಟಿದ್ದನ್ನು ನಾಲ್ಕು ವರ್ಷಕ್ಕೆ ಬಿಟ್ಟುಕೊಟ್ಟು ಮತ್ತೆ ಕಟ್ಟುವುದು. ವಿಮೆಯ ಐಡಿವಿ, ಅಂದರೆ ವಿಮೆಯವರು ಗಾಡಿಗೆ ಕಟ್ಟುವ ಬೆಲೆ, ಬೇರೆ ಇಳಿಯುತ್ತಲೇ ಇರುತ್ತದೆ: ಒಂದು ವರ್ಷ ದಾಟಿದರೆ ಶೇಕಡಾ 20 ಕಳೆಯುತ್ತಾರೆ, ಎರಡು ದಾಟಿದರೆ 30, ಮೂರಕ್ಕೆ 40, ನಾಲ್ಕಕ್ಕೆ 50. ಇದು ವಿಮೆಯ ಸೂತ್ರ, ಪೇಟೆಯಲ್ಲಿ ಥಾರ್ ಇಷ್ಟು ಬೇಗ ಬೀಳುವುದಿಲ್ಲ, ಅದರಲ್ಲೂ ಎಂಎಲ್‌ಡಿ ಇರುವ ಫೋರ್ ವೀಲ್ ಡೀಸೆಲ್ ಕೇಳಿಕೊಂಡು ನಮ್ಮ ಕಡೆ ಜನ ಬರುತ್ತಾರೆ. ಆದರೂ ಹಳೆಯದನ್ನು ಕೊಟ್ಟು ಹೊಸದನ್ನು ತರುವ ನಿಜವಾದ ಖರ್ಚು ನೋಡಬೇಕಾದರೆ ಆನ್ ರೋಡ್ ಬೆಲೆಯಿಂದ ಕೈಗೆ ಬರುವ ದುಡ್ಡನ್ನು ಕಳೆಯಬೇಕು. ಎಕ್ಸ್‌ಶೋರೂಂ ಬೆಲೆ ಹಿಡಿದು ಲೆಕ್ಕ ಹಾಕಿಕೊಂಡು ಖುಷಿ ಪಡುವವರನ್ನು ಬಹಳ ನೋಡಿದ್ದೇನೆ. ನನ್ನ ಹಾಳೆಯಲ್ಲಿ ಆ ಅಂತರವನ್ನು ಗೆರೆಯ ಕೆಳಗಿರುವ ಸಾಲುಗಳಿಗೆ ಹಂಚುತ್ತೇನೆ. 2025ರಲ್ಲಿ ಕೆಳಗೆ ಒಂದೂ ಸಾಲಿಲ್ಲ, ಹಂಚಲು ಯಾರೂ ಇರಲಿಲ್ಲ.

ಮೇಲಿನದ್ದರಲ್ಲಿ ನನಗೆ ಬೇಕೆನಿಸಿದ್ದನ್ನು ಹೊರಗಡೆ ಮಾಡಿಸಿಕೊಂಡೆ. ರಿವರ್ಸ್ ಕ್ಯಾಮೆರಾ, ಅಮ್ಮನಿಗೆ ಹತ್ತಲು ಹಿಡಿ, ನೀರು ಹೀರದ ಸೀಟ್ ಕವರು. ಟೈರು ಸವೆದಾಗ ಅದೇ 255/65 ಆರ್18 ಅಳತೆಯಲ್ಲಿ ಕೆಸರಿಗೆ ಒಗ್ಗುವ ಕಚ್ಚಿನದ್ದು ಹಾಕಿಸಿದೆ, ಅಳತೆ ಬದಲಿಸಲಿಲ್ಲ. ಗಾಡಿ ಎತ್ತರಿಸುವುದು, ಅಗಲದ ಚಕ್ರ ಹೊರಗೆ ಚಾಚುವುದು, ಇವುಗಳ ಹತ್ತಿರ ಹೋಗಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಸಹ ಅದನ್ನು ಎತ್ತಿಹಿಡಿದಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸು ಎಂದು ಅಂಗಡಿಯವರು ಒತ್ತಾಯ ಮಾಡಿದರು. ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ಅದರ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯ ಹೊಡೆತವನ್ನು ಅದು ನೇರ ಚಾಸಿಸ್‌ಗೆ ಸಾಗಿಸಿ ಏರ್‌ಬ್ಯಾಗಿನ ಸೆನ್ಸರ್ ಲೆಕ್ಕವನ್ನು ಕೆಡಿಸುತ್ತದೆ. ಏರ್‌ಬ್ಯಾಗಿಗಾಗಿ ಹಳೇ ಜೀಪು ಕೊಟ್ಟು ಬಂದವನು ನಾನು, ಅದನ್ನೇ ಕೆಡಿಸಿಕೊಳ್ಳಲಾ?

ಇಷ್ಟೆಲ್ಲ ಆಗಿ ಕೊಳ್ಳುವುದೇ ಎಂದು ತೀರ್ಮಾನವಾದರೆ, ಡಿಸೆಂಬರ್–ಜನವರಿಯಲ್ಲಿ ಕೊಳ್ಳುವವರು ಮಾತ್ರ ಒಂದು ದಿನ ಬಿಡುವು ಮಾಡಿಕೊಂಡು ಗಾಡಿಯನ್ನೇ ನೋಡಲು ಹೋಗಬೇಕು. ಡಿಸೆಂಬರ್‌ನಲ್ಲಿ ತಯಾರಾದದ್ದು ಜನವರಿಯಲ್ಲಿ ನೋಂದಣಿಯಾದರೂ ಆರ್‌ಸಿಯಲ್ಲಿ ತಯಾರಿಕೆಯ ವರ್ಷ ಹಳೆಯದೇ, ಮಾರುವಾಗ ಎದುರಿನವನು ಒಂದು ವರ್ಷ ಹಿಡಿದು ಇಳಿಸುತ್ತಾನೆ. ಡಿಸ್ಕೌಂಟ್ ಅದಕ್ಕಿಂತ ಹೆಚ್ಚಿದ್ದರೆ, ಹತ್ತು ವರ್ಷ ಇಟ್ಟುಕೊಳ್ಳುವವರಾಗಿದ್ದರೆ ಕಣ್ಣುಮುಚ್ಚಿ ತಗೊಳ್ಳಬಹುದು. ತಯಾರಿಕೆಯ ತಿಂಗಳನ್ನು ಬಾಯಿಮಾತಿನಲ್ಲಿ ಒಪ್ಪದೆ ಚಾಸಿಸ್ ನಂಬರ್ ಸಮೇತ ಬರವಣಿಗೆಯಲ್ಲಿ ತೆಗೆದುಕೊಳ್ಳುವುದು ನನ್ನ ಕ್ರಮ. ಆಮೇಲೆ ಟೈರಿನ ಬದಿ ನೋಡುತ್ತೇನೆ. ಅಲ್ಲಿ ನಾಲ್ಕು ಅಂಕಿ ಇರುತ್ತದೆ, 3225 ಎಂದಿದ್ದರೆ 2025ರ 32ನೇ ವಾರದ ಟೈರು. ಐದನೇ ಟೈರಿನಲ್ಲೂ, ಬ್ಯಾಟರಿಯ ಮೇಲೂ ತಾರೀಕು ಹೆಚ್ಚುಕಮ್ಮಿ ಅದೇ ಕಾಲದ್ದಿರಬೇಕು. ಕೊನೆಗೆ ಒಂದು ಗೋಣಿತಾಟು ಹಾಸಿಕೊಂಡು ಗಾಡಿಯಡಿಗೆ ನುಸುಳಿ ಹಿಂದಿನ ಆ್ಯಕ್ಸಲ್‌ನ ಗುಂಡನ್ನು, ಅಂಡರ್‌ಬಾಡಿಯ ಬೋಲ್ಟುಗಳನ್ನು ಟಾರ್ಚ್ ಬಿಟ್ಟು ನೋಡುತ್ತೇನೆ. ಬಯಲಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಬೋಲ್ಟಿನ ತಲೆಯಲ್ಲಿ ತುಕ್ಕು ಮೊದಲೇ ಹೇಳಿಬಿಡುತ್ತದೆ. ಎಂಎಲ್‌ಡಿ ಇದೆ ಎಂದು ಸೇಲ್ಸ್‌ನವರು ಹೇಳಿದರೆ ಆ ವೇರಿಯಂಟ್‌ನ, ಆ ತಿಂಗಳ ಫೀಚರ್ ಪಟ್ಟಿಯ ಮೇಲೆ ಅವರ ಸಹಿ ಸೀಲು ಹಾಕಿಸಿಕೊಳ್ಳುತ್ತೇನೆ. ಭಾವನ ಮಗನ ಗಾಡಿಗೂ ಹೀಗೇ ಮಾಡಿದಾಗ ಶೋರೂಂನ ಹುಡುಗ "ಸರ್, ಇಷ್ಟು ಯಾರೂ ನೋಡಲ್ಲ" ಎಂದ. ಸೀಲು ಮಾತ್ರ ಹಾಕಿಕೊಟ್ಟ.